ನನಗಿಂತ ಕಿರಿಯ ಅಣ್ಣನ ಪಂಜರಗಳು

ಜನಾರ್ದನಣ್ಣ ಕಾಪುವಿನಲ್ಲಿ ಬಸ್ಸಿಳಿದ ಕೂಡಲೇ ಕಿಸೆಯಿಂದ ಒಂದು ಸಣ್ಣ ಶೀಶೆ ತೆಗೆದು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಶೀಶೆಯ ಬಾಯಿಗೆ ತೆಳು ಬಟ್ಟೆ ಕಟ್ಟಿರುತ್ತಿತ್ತು. ಒಳಗೆ ನೀಲಿ ಹರಳುಗಳು, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಗಾಳಿಯಲ್ಲಿ ಪಸೆ ಹೆಚ್ಚಾದರೆ ಆ ನೀಲಿ ಮೆಲ್ಲಗೆ ಗುಲಾಬಿಗೆ ತಿರುಗುತ್ತದೆ. ನೀಲಿ ಇದ್ದ ದಿನ ಅವನ ಮುಖ ಅರಳಿರುತ್ತಿತ್ತು. ಗುಲಾಬಿ ಆದ ದಿನ, ಹತ್ತಿರದವರು ಯಾರೋ ತೀರಿಕೊಂಡ ಸುದ್ದಿ ಕೇಳಿದವನ ಹಾಗೆ ನನ್ನ ಬೇಕರಿಯ ಮೆಟ್ಟಿಲು ಹತ್ತುತ್ತಿದ್ದ.

“ಶೇಖರ, ನಾವು ಗಾಳಿಯಲ್ಲಿ ಬದುಕುವುದಲ್ಲ ಮಾರಾಯ. ತೆಳ್ಳಗಿನ ನೀರಿನಲ್ಲಿ ಬದುಕುವುದು.”

ಸಮುದ್ರದ ಸದ್ದು ಕೇಳುವಷ್ಟು ಹತ್ತಿರ ಹುಟ್ಟಿ ಬೆಳೆದ ನನಗೆ ಇದನ್ನು ಎಲ್ಲೂರಿನ ಗದ್ದೆ ಬದಿಯಿಂದ ಬಂದವನೊಬ್ಬ ಹೇಳಿಕೊಡಬೇಕಾಗಿತ್ತೇ? ಆದರೆ ಅವನು ಹೇಳಿದ ಮೇಲೆ ಅದು ಅವನ ಮಾತಾಯಿತು. ಕಾಪು ಪೇಟೆಯಲ್ಲಿ ಎಷ್ಟೋ ಜನ ಅದನ್ನೇ ಹೇಳಿಕೊಂಡು ತಿರುಗಿದರು.

ಅಣ್ಣ ಎನ್ನುತ್ತೇನೆ, ಆದರೆ ಅವನು ನನಗಿಂತ ಎರಡು ವರ್ಷಕ್ಕೆ ಕಿರಿಯವ. ನನ್ನ ಹೆಂಡತಿ ವಸಂತಿಯ ಅಕ್ಕ ಸುಶೀಲೆಯನ್ನು ಮದುವೆಯಾದ ಕಾರಣ ಸಂಬಂಧದಲ್ಲಿ ಅಣ್ಣನಾದ. ನಮ್ಮಲ್ಲಿ ವಯಸ್ಸನ್ನು ಯಾರೂ ಕೇಳುವುದಿಲ್ಲ, ಸಂಬಂಧ ಕೇಳುತ್ತಾರೆ. ಹಾಗಾಗಿ ನಾನು ಕೊನೆಯವರೆಗೂ ‘ಅಣ್ಣ, ನೀವು’ ಎಂದೇ ಮಾತಾಡಿಸಿದೆ. ಅವನು ‘ಶೇಖರ, ನೀನು’ ಎಂದ. ಬರೆಯುವಾಗ ಮಾತ್ರ ‘ಅವನು’ ಎಂದು ಬರೆಯುತ್ತಿದ್ದೇನೆ. ಎದುರಿಗೆ ಆ ಸುಖ ನನಗೆ ಸಿಗಲಿಲ್ಲ.

ಇನ್ನೊಂದು ಕರೆಯ ವಿಷಯವೂ ಉಂಟು. ಕಾರ್ಕಳದ ನನ್ನ ಅತ್ತೆ ಎಂದರೆ ನನ್ನ ತಂದೆಯ ಸ್ವಂತ ತಂಗಿ. ಅವರ ಮಗಳು ವಸಂತಿಯನ್ನು ಅವಳು ಲಂಗ ಉಡುವ ಕಾಲದಿಂದ ನೋಡಿದವ ನಾನು. ಆಗ ಅವಳು ನನ್ನನ್ನು ‘ಶೇಖರ ಭಾವ’ ಎನ್ನುತ್ತಿದ್ದಳು. ಮದುವೆಯಾದ ಮೇಲೆ ಗಂಡನನ್ನು ಹಾಗೆ ಕರೆಯಲಿಕ್ಕುಂಟಾ? ನಾನು ‘ಇಲ್ಲಿ ಕೇಳಿ’ ಆದೆ. ಭಾವ ಎಂಬ ಕರೆ ಅಕ್ಕನ ಗಂಡನ ಪಾಲಾಯಿತು. “ಭಾವ ಬಂದ್ರು!” ಎಂದು ಅವಳು ಒಳಗಿನಿಂದ ಓಡಿ ಬರುವಾಗ ಹಿಟ್ಟು ನಾದುತ್ತಿದ್ದ ನನ್ನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ನಾನು ಓದಿದ್ದು ಏಳನೇ ತರಗತಿಯವರೆಗೆ. ಇದನ್ನು ತಲೆ ತಗ್ಗಿಸಿ ಹೇಳುತ್ತಿಲ್ಲ. ಮೀಸೆ ಬರುವ ಮೊದಲೇ ಮುಂಬಯಿಗೆ ಹೋದೆ, ಅಲ್ಲಿ ಬೇಕರಿಯ ಭಟ್ಟಿಯ ಎದುರು ಬೆಂದೆ, ಊರಿಗೆ ಬಂದು ಕಾಪುವಿನ ಬಸ್ ನಿಲ್ದಾಣದ ಎದುರು ನನ್ನದೇ ಬೇಕರಿ ಹಾಕಿದೆ. ಯಾರ ಹಂಗೂ ಇಲ್ಲದೆ ಮಾಡಿದ್ದು. ವಸಂತಿ ಕಾರ್ಕಳದಲ್ಲಿ ವಿಜ್ಞಾನ ತೆಗೆದುಕೊಂಡು ಪಿ.ಯು.ಸಿ.ಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದವಳು. ಮುಂದೆ ಓದುತ್ತೇನೆ ಎಂದಿದ್ದಳಂತೆ. “ಶೇಖರ ಮುಂಬಯಿಯಿಂದ ಬಂದಿದ್ದಾನೆ, ಕೆಲಸ ಮಾಡುವವ, ನಮ್ಮವನೇ,” ಎಂದು ಮನೆಯವರು ಹೇಳಿದರು. ಅಲ್ಲಿಗೆ ಪುಸ್ತಕ ಅಟ್ಟಕ್ಕೆ ಹೋಯಿತು. ಅವಳು ನನ್ನನ್ನು ಆರಿಸಿದ್ದಲ್ಲ. ನಾನು ಕೈಗೆ ಸಿಕ್ಕುವಷ್ಟು ಹತ್ತಿರ ಇದ್ದೆ, ಅಷ್ಟೆ. ಈ ಒಂದು ಮುಳ್ಳು ನನ್ನೊಳಗೆ ಮೊದಲೇ ಇತ್ತು. ಜನಾರ್ದನಣ್ಣ ಬಂದು ಅದನ್ನು ಅಲುಗಿಸಿದ.

ಅವನು ಮಣಿಪಾಲದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮಾಸ್ಟ್ರು. ಬನ್ನಂಜೆಯಲ್ಲಿ ಬಾಡಿಗೆ ಮನೆ. ಪಾಠದ ಜೊತೆಗೆ ಡಾಕ್ಟರೇಟಿಗಾಗಿ ಏನೋ ಸಂಶೋಧನೆ ಎಂದು ಕೇಳಿದ್ದೆವು. ಅದು ಎಂತದು ಎಂದು ಗೊತ್ತಾದದ್ದು ಕಾರ್ಕಳದಲ್ಲಿ, ಊಟವಾಗಿ ಎಲ್ಲರೂ ಚಾವಡಿಯಲ್ಲಿ ಕುಳಿತಿದ್ದಾಗ.

“ಅಲ್ಲ, ನೀವು ಅಲ್ಲಿ ಎಂತ ಮಾಡುವುದು?” ಎಂದು ಅತ್ತೆ ಕೇಳಿದರು. ಅತ್ತೆಗೆ ಅವನು ಯಾವಾಗಲೂ ‘ನೀವು’. ನಾನು ಅವರ ಅಣ್ಣನ ಮಗ, ಅವರೇ ಮೂಗು ಒರೆಸಿ ಬೆಳೆಸಿದವ, ಹಾಗಾಗಿ ‘ನೀನು’.

“ಪಂಜರ ಮಾಡುವುದು ಅತ್ತೆ.”

“ಗಿಳಿಗಾ?”

“ಕಣ್ಣಿಗೆ ಕಾಣದ ಪಂಜರ. ಒಳಗೆ ಗಿಳಿ ಇಲ್ಲ, ಸಿಲಿಕಾನ್ ಉಂಟು. ನಮ್ಮ ಸಮುದ್ರದ ಬದಿಯ ಹೊಯಿಗೆಯಲ್ಲಿ, ಈ ಮರಳಿನಲ್ಲಿ, ಇರುವುದು ಅದೇ.” ಅತ್ತೆಯ ಬುಟ್ಟಿಯಿಂದ ಒಂದು ಲಿಂಬೆಹಣ್ಣು ತೆಗೆದು ಹಿಡಿದ. “ಇದು ಸಿಲಿಕಾನ್ ಅಂತ ಇಟ್ಟುಕೊಳ್ಳಿ. ಇದನ್ನು ಹಿಡಿಯುವ ಇನ್ನೊಂದು ವಸ್ತು ಉಂಟು, ಅದಕ್ಕೆ ಮೂರು ಕೈ. ನನಗೆ ಎರಡೇ. ವಸಂತಿ, ನಿನ್ನ ಒಂದು ಕೈ ಕೊಡು.”

ಅವಳು ಕೊಟ್ಟಳು. ಅವನ ಎರಡು ಕೈ, ಅವಳ ಒಂದು ಕೈ, ನಡುವೆ ಲಿಂಬೆಹಣ್ಣು.

“ಮೂರು ಕೈ ಹಿಡಿದರೆ ಸಾಲದು. ಕೈಗಳು ಹುಟ್ಟಿದ ಎದೆ ಉಂಟಲ್ಲ, ಅದು ನೈಟ್ರೋಜನ್. ಅದು ಒಳಗೆ ಬಾಗಿ ಲಿಂಬೆಯನ್ನು ಮುಟ್ಟಬೇಕು. ಮುಟ್ಟಿದರೆ ಪಂಜರದ ಬಾಗಿಲು ಹಾಕಿತು ಅಂತ ಲೆಕ್ಕ.”

“ಮುಟ್ಟಿತೋ ಇಲ್ಲವೋ ಹೇಗೆ ಗೊತ್ತಾಗ್ತದೆ ಭಾವ? ಕಣ್ಣಿಗೆ ಕಾಣುವುದಿಲ್ಲ ಅಂದ್ರಿ?” ವಸಂತಿ ಕೇಳಿದಳು.

ಅವನು ಲಿಂಬೆಹಣ್ಣು ಕೆಳಗಿಟ್ಟು ಅವಳನ್ನೇ ನೋಡಿದ. “ನಾನು ಇದನ್ನು ಎಷ್ಟು ಜನರಿಗೆ ವಿವರಿಸಿದ್ದೇನೆ. ಈ ಪ್ರಶ್ನೆ ಕೇಳಿದವಳು ನೀನೊಬ್ಬಳು.”

ನಾನು ಅಲ್ಲೇ ಅಡಿಕೆ ಕತ್ತರಿಸುತ್ತಾ ಕುಳಿತಿದ್ದೆ. ನನಗೂ ಎರಡು ಕೈ ಇದ್ದವು. ಯಾರೂ ಕೇಳಲಿಲ್ಲ.

ಹಾಗಂತ ಅವನಿಗೆ ಎಲ್ಲವೂ ಬರುತ್ತಿತ್ತು ಎಂದು ತಿಳಿಯಬೇಡಿ. ಮೀನು ಆರಿಸಲು ಬರುತ್ತಿರಲಿಲ್ಲ. ನಮ್ಮ ಮೀನಿನ ಹೆಂಗಸರು ದೂರದಿಂದ ಅವನನ್ನು ಕಂಡರೆ ಹಳೆಯ ಬಂಗುಡೆಯನ್ನು ಬುಟ್ಟಿಯ ಮೇಲೆ ತರುತ್ತಿದ್ದರು. ಶರ್ಟಿನ ತುಂಬ ಆಸಿಡ್ ಬಿದ್ದ ತೂತುಗಳು. ಸುಶೀಲತ್ತಿಗೆ ಹೊಲಿದು ಹೊಲಿದು ಸಾಕಾಗಿ ಬಿಟ್ಟಿದ್ದರು. ಆದರೆ ಹಾಳಾದ ಬಂಗುಡೆ ತಂದರೂ ಅತ್ತೆ, “ಪಾಪ, ಅವರ ತಲೆಯಲ್ಲಿ ಎಷ್ಟು ಇರ್ತದೆ,” ಎನ್ನುತ್ತಿದ್ದರು. ನಾನು ಅಂಥ ಮೀನು ತಂದಿದ್ದರೆ ತಲೆಯ ಬಗ್ಗೆ ಬೇರೆ ಮಾತು ಬರುತ್ತಿತ್ತು.

ಅವನ ಕೆಲಸಕ್ಕೂ ಮೀನುಗಾರಿಕೆಯ ಹಾಗೆ ಋತು ಇತ್ತು. ಪಂಜರ ಮಾಡುವ ಮೊದಲು ಸಿಲಿಕಾನನ್ನು ಕ್ಲೋರಿನ್ ಜೊತೆಗಿರುವ ಒಂದು ದ್ರವವಾಗಿ ತರಿಸಬೇಕು. ಆ ಬಾಟ್ಲಿಯ ಮುಚ್ಚಳ ತೆಗೆದರೆ ನಮ್ಮ ಊರಿನ ಗಾಳಿ ತಾಗಿ ಬೀಡಿಯ ಹಾಗೆ ಹೊಗೆ ಬಿಡುತ್ತದಂತೆ, ವಸ್ತು ಹಾಳಾಗಿ ಬಿಳಿ ಹುಡಿಯಾಗುತ್ತದಂತೆ. ಅದಕ್ಕಾಗಿ ಮಳೆಗಾಲ ಹಿಡಿದ ಮೇಲೆ ಅವನು ಕೆಲಸ ಮುಚ್ಚುತ್ತಿದ್ದ. ಕಡಲಿಗೆ ದೋಣಿ ಇಳಿಯದ ತಿಂಗಳುಗಳಲ್ಲಿ ಅವನೂ ನನ್ನ ಬೇಕರಿಯ ಬೆಂಚಿನಲ್ಲಿ ಕುಳಿತು ಆಕಾಶ ನೋಡುತ್ತಿದ್ದ. ಮೀನಿಗೆ ಹೋಗುವವರು ತಮಾಷೆ ಮಾಡುತ್ತಿದ್ದರು: “ಎಂತ ಮಾಸ್ಟ್ರೇ, ನಿಮ್ಮ ದೋಣಿಯೂ ದಡದಲ್ಲಾ?” ದೀಪಾವಳಿ ಕಳೆದು ಮೂಡಣದ ಒಣಗಾಳಿ ಶುರುವಾದರೆ ಅವನನ್ನು ಹಿಡಿಯುವವರಿಲ್ಲ.

ಅಂಥ ಒಂದು ಮಳೆಗಾಲದಲ್ಲಿ ಅವನು ನನ್ನ ರಸ್ಕಿಗೆ ಕೈ ಹಾಕಿದ. ಮಳೆ ಬಿಡದ ಆಟಿ ತಿಂಗಳಲ್ಲಿ ರಸ್ಕು ಗರಿಗರಿಯಾಗಿ ಇಡುವುದು ಯಾವ ಬೇಕರಿಯವನಿಗೂ ಕಷ್ಟ. ನಾನು ಎರಡೆರಡು ಸಲ ಸುಟ್ಟು ಹೇಗೋ ಹೆಸರು ಉಳಿಸಿಕೊಂಡಿದ್ದೆ. ಅವನು ಒಂದನ್ನು ಕಚ್ಚಿ, ಚಹಾಕ್ಕೂ ಅದ್ದದೆ ಜಗಿದು, “ಶೇಖರ, ಮರುವಾಯಿ ಚಿಪ್ಪು ಸುಟ್ಟ ಸುಣ್ಣ ಉಂಟಲ್ಲ, ನೀರು ಹಾಕದ್ದು. ಅದನ್ನು ದಪ್ಪ ಬಟ್ಟೆಯಲ್ಲಿ ಕಟ್ಟಿ ಡಬ್ಬಿಯ ಅಡಿಯಲ್ಲಿಡು. ಪಸೆಯನ್ನು ಅದು ಕುಡೀತದೆ. ನಾನು ಸ್ಪಿರಿಟ್ ಒಣಗಿಸುವುದೂ ಅದರಲ್ಲೇ,” ಎಂದ.

ಬೇಡ ಎನ್ನಬೇಕೆಂದಿದ್ದೆ. ವಸಂತಿ ಆಗಲೇ ಬಟ್ಟೆ ಹರಿಯುತ್ತಿದ್ದಳು.

ರಸ್ಕು ಮುರಿದರೆ ಸದ್ದು ಕೇಳುವ ಹಾಗಾಯಿತು. ಹಿಟ್ಟು ನನ್ನದು, ಭಟ್ಟಿ ನನ್ನದು, ಬೆವರು ನನ್ನದು. ಗಿರಾಕಿಗಳು ಮಾತ್ರ ಬಂದು, “ಜನಾರ್ದನ ಮಾಸ್ಟ್ರ ರಸ್ಕ್ ಕೊಡಿ,” ಎಂದು ಕೇಳಲು ಶುರುಮಾಡಿದರು.

ಅದರಲ್ಲೊಂದು ಡಬ್ಬಿ ಕಾರ್ಕಳಕ್ಕೂ ಹೋಯಿತು. ಅತ್ತೆ ಎಲೆ ಅಡಿಕೆ ಹಾಕುವವರು. ರಸ್ಕು ಮುಗಿದ ಮೇಲೆ ಡಬ್ಬಿಯ ಅಡಿಯಲ್ಲಿ ಗಂಟು ಸಿಕ್ಕಿತು, ಬಿಚ್ಚಿದರೆ ಸುಣ್ಣ. ಅಣ್ಣನ ಮಗ ನೆನಪಿಟ್ಟು ಎಲೆಗೆ ಸುಣ್ಣ ಕಳಿಸಿದ್ದಾನೆ ಎಂದು ಕಣ್ಣು ತುಂಬಿ ಬಂತಂತೆ. ಆ ಪ್ರೀತಿಯಲ್ಲೇ ಎಲೆಗೆ ಸವರಿ ಬಾಯಿಗೆ ಹಾಕಿದ್ದಾರೆ. ನೀರು ಕಾಣದ ಸುಣ್ಣ ಬಾಯಿಯ ನೀರು ಕಂಡು ಕುದಿಯಿತು.

ನಾವೆಲ್ಲ ಹೋಗಿ ನೋಡಿದಾಗ ಅತ್ತೆಯ ತುಟಿ ದಪ್ಪಗಾಗಿತ್ತು, ತುಪ್ಪ ಹಚ್ಚಿಕೊಂಡು ಕುಳಿತಿದ್ದರು. ನನ್ನನ್ನು ಕಂಡದ್ದೇ ತಡ, “ಏಳನೇ ಕ್ಲಾಸು ಸಾಕು ಅಂತ ನಿನಗೆ ಯಾರು ಹೇಳಿದ್ದು? ಸುಣ್ಣ ಕೊಡುವವ ನೀರು ಹಾಕಿ ಕೊಡ್ಬೇಕು ಅಂತ ಗೊತ್ತಿಲ್ವಾ?” ಎಂದು ಶುರುಮಾಡಿದರು.

“ಅತ್ತೆ, ಸುಣ್ಣ ಇಡ್ಲಿಕ್ಕೆ ಹೇಳಿದ್ದು ನಾನು,” ಎಂದ ಜನಾರ್ದನಣ್ಣ. ಅದನ್ನು ಅವನು ಮುಚ್ಚಿಡಲಿಲ್ಲ. ಅಷ್ಟು ಹೇಳಬೇಕು.

“ನೀವು ಹೇಳಿದ್ದರಲ್ಲಿ ತಪ್ಪಿರ್ಲಿಕ್ಕಿಲ್ಲ. ಇವನು ಕಟ್ಟಿದ್ದರಲ್ಲಿ ತಪ್ಪುಂಟು.”

ಎಲ್ಲರೂ ನಕ್ಕರು. ವಸಂತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೂ ನಗು ಬಂತು. ಆದರೆ ಅವಳು ಮೊದಲು ನಕ್ಕಳು ಎಂಬುದನ್ನು ನಾನು ಮರೆತಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವನು ಬೇಕರಿಗೆ ಬಂದು ಕೈ ಹಿಸುಕುತ್ತಾ ನಿಂತ. ಲ್ಯಾಬಿನಲ್ಲಿ ಸಹಾಯಕ್ಕಿದ್ದ ಆಳು ಕೆಲಸ ಬಿಟ್ಟಿದ್ದ. ಫ್ಲಾಸ್ಕು ಒಲೆಯ ಮೇಲಿಟ್ಟರೆ ನೋಡಿಕೊಳ್ಳಲು ಯಾರಾದರೂ ಬೇಕು, ಇವನಿಗೆ ಆ ಹೊತ್ತಿಗೇ ಕ್ಲಾಸು. “ವಸಂತಿಯನ್ನು ವಾರಕ್ಕೆ ಎರಡು ದಿನ ಕಳಿಸ್ತೀಯಾ? ಅವಳಿಗೆ ಹೇಳಿದ್ರೆ ಅರ್ಥ ಆಗ್ತದೆ.”

ಅವಳು ಕೌಂಟರಿನಲ್ಲಿ ಬ್ರೆಡ್ಡಿಗೆ ಕಾಗದ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ. ಕೈ ಮಾತ್ರ ನಿಂತಿತು. ಆ ನಿಂತ ಕೈಯನ್ನು ನೋಡಿ ನಾನು, “ಅದಕ್ಕೆಂತ? ಹೋಗಲಿ,” ಎಂದೆ. ಒಂದು ಬನ್ನು ತೆಗೆದು ಕೊಡುವವನ ಹಾಗೆ ಹೇಳಿದೆ. ನಾನು ಬೇಡ ಎನ್ನುವ ಗಂಡಸಲ್ಲ ಎಂದು ತೋರಿಸಬೇಕಿತ್ತು.

ಆಗಿನ್ನೂ ಚಿಕ್ಕವಳಾಗಿದ್ದ ನಮ್ಮ ಮಗಳನ್ನು ನನ್ನ ಅಮ್ಮ ನೋಡಿಕೊಂಡರು. ಕೌಂಟರು, ಭಟ್ಟಿ ಎರಡನ್ನೂ ನಾನೇ ನೋಡಿಕೊಂಡೆ.

ನಮ್ಮ ಕಡೆಯ ಶಂಕರಪುರದ ಮಲ್ಲಿಗೆಯ ಹೆಸರು ನೀವು ಕೇಳಿರಬಹುದು. ಮದುವೆಯಾದಲ್ಲಿಂದ ದಿನಾ ಸಂಜೆ ಒಂದು ಚೆಂಡು ಮಲ್ಲಿಗೆ ತಂದು ಕೊಡುವುದು ನನ್ನ ಕ್ರಮ. ಹೆಚ್ಚು ಮಾತು ಬಾರದವನು, ಹೂವಿನಲ್ಲಿ ಮುಗಿಸುತ್ತಿದ್ದೆ. ಅವಳು ಅದನ್ನು ಮರುದಿನವೂ ಮುಡಿದಿರುತ್ತಿದ್ದಳು. ಮಣಿಪಾಲಕ್ಕೆ ಹೋಗಲು ಶುರುಮಾಡಿದ ಮೇಲೆ, ಹೊರಡುವ ಮೊದಲು ತಲೆಯಿಂದ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿ ಹೋಗುವುದನ್ನು ಕಂಡೆ.

“ಎಂತಕ್ಕೆ?” ಎಂದೆ.

“ಹೂವು ನೀರು ಬಿಡ್ತದಂತೆ. ಅಲ್ಲಿಗೆ ಆಗುವುದಿಲ್ಲ ಅಂತ ಭಾವ ಹೇಳಿದ್ರು.”

“ಉಸಿರಿನಲ್ಲೂ ನೀರುಂಟಲ್ಲ. ಅದನ್ನೂ ಮನೆಯಲ್ಲೇ ಬಿಟ್ಟು ಹೋಗು.”

ನಾನು ಚುಚ್ಚಿದ್ದು. ಅವಳಿಗೆ ಅದು ತಾಗಲೇ ಇಲ್ಲ. “ಹೌದು! ಮುಚ್ಚಳ ತೆಗೆಯುವಾಗ ನಾವು ಉಸಿರು ಬಿಗಿ ಹಿಡಿಯುವುದು. ನಿಮಗೆ ಹೇಗೆ ಗೊತ್ತು?” ಎಂದಳು, ಸಂತೋಷದಲ್ಲಿ.

ಕೆಲವು ವಾರಗಳ ಮೇಲೆ ಒಂದು ಸಂಜೆ ಬಸ್ಸಿಳಿದು ಬಂದವಳು ಗಿರಾಕಿಗಳ ನಡುವೆಯೇ ನಿಂತು, “ಇವತ್ತು ಬಂತು,” ಎಂದಳು.

“ಎಂತ ಬಂತು?”

“ಹರಳು. ಇಷ್ಟು ದಿನ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು. ಇವತ್ತು ನಾನು ನೋಡ್ತಾ ಇದ್ದ ಹಾಗೆಯೇ ತಳದಲ್ಲಿ ಸೂಜಿಗಳು ಎದ್ದವು. ಭಾವ ಕ್ಲಾಸಿನಲ್ಲಿದ್ರು. ಮೊದಲು ನೋಡಿದ್ದು ನಾನು.”

ಮದುವೆಯ ದಿನ ಅವಳ ಮುಖ ನೋಡಿದ್ದೇನೆ, ಮಗಳು ಹುಟ್ಟಿದ ದಿನ ನೋಡಿದ್ದೇನೆ. ಈ ಮುಖ ಆಗ ಇರಲಿಲ್ಲ. ಇದನ್ನು ಎಲ್ಲಿ ಇಟ್ಟಿದ್ದಳು ಇಷ್ಟು ವರ್ಷ? ಹೊಯಿಗೆಯ ಒಂದು ಚೂರಿಗೆ ಸಿಕ್ಕಿದ್ದು ನನಗೆ ಯಾಕೆ ಸಿಗಲಿಲ್ಲ? ಗಿರಾಕಿಗೆ ಚಿಲ್ಲರೆ ಕೊಡುವುದನ್ನು ಮರೆತು ಬೈಸಿಕೊಂಡೆ.

ಸಿಲಿಕಾನಿನ ಪಂಜರ ಹಾಗೆ ಆಯಿತು. ಮರುವರ್ಷ ಅವನ ನಿಜವಾದ ಆಸೆ ಹೊರಬಂತು. ಪಂಜರದ ಒಳಗೆ ಜರ್ಮೇನಿಯಂ ಕೂರಿಸಬೇಕು, ಅದರ ಹೆಗಲಿಗೆ ಒಂದು ಸಿಲಿಕಾನ್ ಅಂಟಿಸಬೇಕು, ಎರಡೂ ಒಂದರಲ್ಲೇ ಇರಬೇಕು. ಜರ್ಮೇನಿಯಂ ಎಂದರೆ ನನ್ನ ಬೇಕರಿಯ ಹಳೆಯ ಟ್ರಾನ್ಸಿಸ್ಟರ್ ರೇಡಿಯೋದೊಳಗೆ ಇರುವಂಥದ್ದು ಎಂದ. ಅದು ದುಬಾರಿ. ದೂರದ ಊರಿನಲ್ಲಿದ್ದ ಅವನ ಗೈಡು ಹೇಗೋ ವಿದೇಶದಿಂದ ತರಿಸಿ, ಬೆರಳುದ್ದದ ಮುಚ್ಚಿದ ಗಾಜಿನ ಕೊಳವೆಯಲ್ಲಿ ಕೊಟ್ಟಿದ್ದರು. “ಇದು ಕೆಟ್ಟರೆ ಇನ್ನೊಂದು ತರಿಸುವ ಯೋಗ್ಯತೆ ನನಗಿಲ್ಲ ಶೇಖರ,” ಎಂದಿದ್ದ. ಅವನ ಡಾಕ್ಟರೇಟೆಲ್ಲ ಆ ಕೊಳವೆಯಲ್ಲೇ ಇತ್ತು.

ಅಷ್ಟರಲ್ಲಿ ಕಾಪುವಿನಲ್ಲಿ ಮಾತು ಹುಟ್ಟಿತ್ತು. ಗಿರಾಕಿಯೊಬ್ಬ ಬ್ರೆಡ್ಡು ತೆಗೆದುಕೊಳ್ಳುತ್ತಾ ಕೇಳಿದ: “ನಿಮ್ಮ ಮನೆಯವರು ಮಣಿಪಾಲದಲ್ಲಂತೆ? ಬೇಕರಿಯಲ್ಲಿ ಹುಟ್ಟುವಳಿ ಸಾಲುವುದಿಲ್ವಾ, ಅಲ್ಲ ಭಾವನ ಮನೆಯೇ ಹಿತವಾ?” ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಆದರೆ ಆ ಮಧ್ಯಾಹ್ನವೇ ಶಟರ್ ಎಳೆದು ಉಡುಪಿಯ ಬಸ್ಸು ಹತ್ತಿದೆ. ‘ಸಾಕು, ಮನೆಗೆ ಬಾ’ ಎಂಬ ಮಾತನ್ನು ದಾರಿಯುದ್ದಕ್ಕೂ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಮಣಿಪಾಲದ ಗುಡ್ಡ ಹತ್ತಿದೆ.

ಲ್ಯಾಬಿನ ಬಾಗಿಲಲ್ಲಿ ನಿಂತೆ. ಗಾಜಿನ ನಳಿಗೆಗಳು, ರಬ್ಬರಿನ ಟ್ಯೂಬುಗಳು, ಆಸ್ಪತ್ರೆಯ ಹಾಗೆ ವಾಸನೆ. ನಡುವೆ ಇವರಿಬ್ಬರು. ಕೊಳವೆಯ ಕುತ್ತಿಗೆ ಮುರಿದು ಜರ್ಮೇನಿಯಮ್ಮಿನ ದ್ರವವನ್ನು ಮೇಲಿನ ಪಾತ್ರೆಗೆ ಬಗ್ಗಿಸಿಕೊಂಡ ಗಳಿಗೆ ಅದು. ಇಬ್ಬರೂ ಉಸಿರಾಡುತ್ತಿರಲಿಲ್ಲ. ನಾನು ಸಹ ಉಸಿರು ಹಿಡಿದಿದ್ದೇನೆ ಎಂದು ಆಮೇಲೆ ಗೊತ್ತಾಯಿತು.

ವಸಂತಿ ನನ್ನನ್ನು ಕಂಡಳು. ಬನ್ನಿ ಎನ್ನಲಿಲ್ಲ, ಯಾಕೆ ಬಂದಿರಿ ಎನ್ನಲಿಲ್ಲ. “ಬಾಗಿಲು ಹಾಕಿ. ಅಲ್ಲೇ ನಿಲ್ಲಿ. ಈ ಕಡೆ ಉಸಿರು ಬಿಡ್ಬೇಡಿ,” ಎಂದಳು. ಆ ದನಿಯನ್ನು ನಾನು ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ. ನಾನು ಬಾಗಿಲು ಹಾಕಿದೆ. ಅಲ್ಲೇ ನಿಂತೆ.

ಇನ್ನು ಆ ದ್ರವವನ್ನು ಹನಿ ಹನಿಯಾಗಿ ಫ್ಲಾಸ್ಕಿಗೆ ಬಿಡಬೇಕು. ಹೆಚ್ಚು ಬಿದ್ದರೆ ಬಿಸಿಯೇರಿ ಎಲ್ಲ ಕೆಡುತ್ತದೆ. ಜನಾರ್ದನಣ್ಣ ಮೇಲಿನ ಪಾತ್ರೆಯ ತಿರುಪಿಗೆ ಕೈ ಹಾಕಿದ. ಕೈ ನಡುಗುತ್ತಿತ್ತು. ತೆಗೆದ. ಮತ್ತೆ ಹಾಕಿದ. ಮತ್ತೆ ತೆಗೆದು, “ವಸಂತಿ, ನೀನು ಬಿಡು,” ಎಂದ.

ಅವಳು ಬಿಟ್ಟಳು. ಒಂದು ಹನಿ, ತಡೆದು ಇನ್ನೊಂದು ಹನಿ. ಕೈ ಅಲುಗಲಿಲ್ಲ.

ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಬೇಕರಿಯ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಅವಳಿಗೆ ಕೊಡಲು ನಾನು ಎಷ್ಟೋ ವರ್ಷ ತೆಗೆದುಕೊಂಡಿದ್ದೆ. ಇವನು ತನ್ನ ಇಡೀ ಬದುಕನ್ನು ಒಂದು ಮಾತಿನಲ್ಲಿ ಅವಳ ಕೈಗೆ ಕೊಟ್ಟುಬಿಟ್ಟ. ಓದಿದವನೆಂದು ನಾನು ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಅದು ಸಣ್ಣದು. ಆ ಗಳಿಗೆಯಲ್ಲಿ ಹತ್ತಿದ ಕಿಚ್ಚು ಬೇರೆ. ಅವಳಲ್ಲಿ ಏನುಂಟು ಎಂದು ನನಗಿಂತ ಮೊದಲು ಅವನಿಗೆ ಕಂಡಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತೆವು. ನಾಲಿಗೆಯ ತುದಿಯ ಮಾತು ಎಲ್ಲೋ ಬಿದ್ದುಹೋಗಿತ್ತು. ಕಟಪಾಡಿ ದಾಟಿದ ಮೇಲೆ, “ನಿನ್ನ ಕೈ ನಡುಗಲಿಲ್ಲ,” ಎಂದೆ.

“ನೀವು ನೋಡಿದ್ರಾ?” ಎಂದಳು. ಮತ್ತೆ ಮನೆ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತಾ ನಗುತ್ತಿದ್ದಳು.

ಹರಳು ಬಂತು, ಚಿಟಿಕೆಯಷ್ಟು. ಪಂಜರದ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ನೋಡಲು ಅದನ್ನು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಹರಳಿಗೆ ಎಕ್ಸ್‌ರೇ ಬಿಟ್ಟು, ಯಾವ ಪರಮಾಣು ಎಲ್ಲಿ ಕುಳಿತಿದೆ ಎಂದು ಲೆಕ್ಕ ಹಾಕಿ ಹೇಳುತ್ತಾರಂತೆ. ಉತ್ತರ ಬಂದ ದಿನ ಜನಾರ್ದನಣ್ಣ ಬಸ್ ನಿಲ್ದಾಣದಿಂದ ರಸ್ತೆ ದಾಟಿ ಓಡಿಯೇ ಬಂದ. ಶೀಶೆ ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. “ವಸಂತೀ, ಬಾಗಿಲು ಹಾಕಿದೆ! ಎರಡೂ ಉಂಟು, ಒಳಗೆ ಜರ್ಮೇನಿಯಂ, ಹೆಗಲಲ್ಲಿ ಸಿಲಿಕಾನ್!” ಎಂದು ಕೂಗಿದ. ರಸ್ಕು ತೆಗೆದುಕೊಳ್ಳುತ್ತಿದ್ದ ಮುದುಕರೊಬ್ಬರು ನನ್ನನ್ನು ಕೇಳಿದರು: “ಯಾರ ಬಾಗಿಲು ಶೇಖರಣ್ಣ?”

ಆ ವಾರವೇ ನಾನು ಉಡುಪಿಯ ಒಂದು ಕಾಲೇಜಿಗೆ ಹೋದೆ. ಪಿ.ಯು.ಸಿ. ಆಗಿ ವರ್ಷಗಳಾದ, ಮದುವೆಯಾದ ಹೆಂಗಸಿಗೆ ಬಿ.ಎಸ್ಸಿ. ಸೇರಲಿಕ್ಕಾಗುತ್ತದಾ ಎಂದು ಆಫೀಸಿನಲ್ಲಿ ಕೇಳಿದೆ. “ಮಾರ್ಕು ಇದ್ರೆ ಆಗ್ತದೆ, ಜೂನಿನಲ್ಲಿ ಕರ್ಕೊಂಡು ಬನ್ನಿ,” ಎಂದರು. ಹೋಟೆಲಿನ ಗಲ್ಲಾದಲ್ಲಿ ಕುಳಿತು ನಿವೃತ್ತನಾಗಿದ್ದ ಮೋನಪ್ಪ ಎಂಬವನಿಗೆ, ಜೂನಿನಿಂದ ನನ್ನ ಕೌಂಟರಿಗೆ ಬಾ ಎಂದು ಹೇಳಿಯೂ ಇಟ್ಟೆ. ವಸಂತಿಗೆ ಹೇಳಲಿಲ್ಲ. ನಮ್ಮ ತುಳುವರ ಹೊಸ ವರ್ಷವಾದ ಬಿಸು ಹಬ್ಬದ ದಿನ ಹೊಸ ಸೀರೆ ಕೊಟ್ಟು ಹೇಳಬೇಕೆಂದು ಇಟ್ಟುಕೊಂಡಿದ್ದೆ. ಲಿಂಬೆಹಣ್ಣು, ಹರಳು, ಜರ್ಮೇನಿಯಂ ಎಲ್ಲ ಅವನು ಕೊಟ್ಟದ್ದಾಯಿತು. ಈ ಒಂದಾದರೂ ನನ್ನ ಕೈಯಿಂದ ಅವಳಿಗೆ ಹೋಗಬೇಕಿತ್ತು.

ಬಿಸುವಿಗೆ ಮೊದಲು ಕಾರ್ಕಳದಲ್ಲಿ ಒಂದು ಊಟ ಬಂತು. ಜನಾರ್ದನಣ್ಣನಿಗೆ ಡಾಕ್ಟರೇಟು ಸಿಗುವುದು ಖಾತ್ರಿಯಾಗಿತ್ತು. ಬರೋಡದ ಹತ್ತಿರ ಒಂದು ಕಾರ್ಖಾನೆಯ ಸಂಶೋಧನಾ ವಿಭಾಗದಲ್ಲಿ ಕೆಲಸವೂ ಆಗಿತ್ತು. ಅಲ್ಲಿ ಗಾಳಿ ಒಣ, ವರ್ಷವಿಡೀ ಕೆಲಸ ಮಾಡಬಹುದು ಎಂದು ಖುಷಿಯಲ್ಲಿದ್ದ. ಬೀಳ್ಕೊಡುಗೆಗೆ ಅತ್ತೆ ಪಾಯಸ ಮಾಡಿದ್ದರು. ಪಾಯಸ ಬಡಿಸುವ ಹೊತ್ತಿಗೆ ಅವನು ಎಲೆಯ ಮುಂದೆ ನೆಟ್ಟಗೆ ಕುಳಿತು ಹೇಳಿದ:

“ಅತ್ತೆ, ಹೋಗುವ ಮೊದಲು ಒಂದು ಮಾತು. ವಸಂತಿ ಬಿ.ಎಸ್ಸಿ. ಮಾಡ್ಬೇಕು. ಶೇಖರ ಅವಳನ್ನು ಓದಿಸ್ಬೇಕು.”

“ಮಗು ಆದವಳಿಗೆ ಇನ್ನು ಕಾಲೇಜೆಂತಕ್ಕೆ?” ಎಂದು ಅತ್ತೆ ಬಾಯಿ ತೆರೆದವರು, ಹೇಳಿದ್ದು ಯಾರೆಂದು ನೆನಪಾಗಿ ತಡೆದರು. “ಆಯ್ತು, ನೀವು ಹೇಳಿದ ಮೇಲೆ ಅದರಲ್ಲೊಂದು ಅರ್ಥ ಇರ್ತದೆ.” ನನ್ನ ಕಡೆ ತಿರುಗಿ, “ಕೇಳಿತಾ? ಅಣ್ಣ ಹೇಳಿದ ಹಾಗೆ ಮಾಡು,” ಎಂದರು.

ನನ್ನ ಎಲೆಯ ಪಾಯಸ ಹರಿದು ಅಂಚಿಗೆ ಬಂತು. ನಾನು ತಡೆಯಲಿಲ್ಲ. ನಾನು ಮಾಡಿ ಮುಗಿಸಿದ್ದನ್ನು ಎಲ್ಲರೆದುರು ನನಗೇ ಅಪ್ಪಣೆಯಾಗಿ ಕೊಟ್ಟರು. ಇನ್ನು ನಾನು ಏನು ಹೇಳಿದರೂ ಅದು ಅವನ ಮಾತು ನಡೆಸಿದ್ದಾಗುತ್ತದೆ. “ನೋಡುವ,” ಎಂದೆ. ವಸಂತಿ ಪಾಯಸದ ಪಾತ್ರೆ ಹಿಡಿದು ನನ್ನನ್ನು ಒಮ್ಮೆ ನೋಡಿ ಮುಂದಿನ ಎಲೆಗೆ ಹೋದಳು.

ಅವನು ಹೊರಟ ದಿನ ಉಡುಪಿಯ ಬಸ್ ನಿಲ್ದಾಣಕ್ಕೆ ನಾನೊಬ್ಬನೇ ಹೋದೆ. ಸುಶೀಲತ್ತಿಗೆ ಸೀಟು ಹಿಡಿದು ಕುಳಿತಿದ್ದರು. ಅವನು ಕೆಳಗೆ ನಿಂತು ಪೆಟ್ಟಿಗೆ ಮೇಲೇರಿಸುವುದನ್ನು ನೋಡುತ್ತಿದ್ದ. ನನಗೆ ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ.

“ಅಣ್ಣ, ಒಂದು ವಿಷಯ. ನೀವು ಹೇಳುವ ಮೊದಲೇ ನಾನು ಕಾಲೇಜಿಗೆ ಹೋಗಿ ಕೇಳಿ ಬಂದಾಗಿತ್ತು.”

“ಗೊತ್ತುಂಟು.”

“ಹೇಗೆ?”

“ವಸಂತಿ ಹೇಳಿದಳು. ಆ ಮೋನಪ್ಪ ಅವಳ ಹತ್ತಿರವೇ ಬಂದು, ಜೂನಿನಿಂದ ನನಗೆ ಯಾವ ಕುರ್ಚಿ ಅಂತ ಕೇಳಿದನಂತೆ. ಅವಳು ಕೆದಕಿದಳು, ಅವನು ಎಲ್ಲ ಹೇಳಿದ.”

“ಗೊತ್ತಿದ್ದೂ ಅಲ್ಲಿ ಎಲ್ಲರೆದುರು ಯಾಕೆ ಹೇಳಿದ್ರಿ?”

ಅವನು ನಕ್ಕ. “ನೀನು ಹೇಳಿದ್ರೆ ಅತ್ತೆ ಒಪ್ತಿದ್ರಾ ಮಾರಾಯ? ಅವರ ಬಾಯಿ ಸುಟ್ಟವ ನೀನು. ಹೆಂಡತಿಯನ್ನು ಕಾಲೇಜಿಗೆ ಕಳಿಸ್ತಾನೆ, ಮಗುವನ್ನು ಬಿಟ್ಟು ಹಾಕ್ತಾನೆ ಅಂತ ವರ್ಷವಿಡೀ ಹೇಳ್ತಿದ್ರು. ಈಗ ಬೈಯುವುದಿದ್ರೆ ನನ್ನನ್ನು ಬೈಯಲಿ. ನಾನು ಬರೋಡದಲ್ಲಿರ್ತೇನೆ, ಕೇಳುವುದಿಲ್ಲ.” ಕಂಡಕ್ಟರು ಸೀಟಿ ಊದಿದ. ಹತ್ತುವಾಗ ನನ್ನ ಹೆಗಲು ಹಿಡಿದ. “ಮಾಡಿದವ ಯಾರು ಅಂತ ಅವಳಿಗೆ ಗೊತ್ತುಂಟು ಶೇಖರ.”

ಬಸ್ಸು ಹೋಯಿತು. ಅವನ ದೊಡ್ಡತನಕ್ಕೆ ಕೈ ಮುಗಿಯಬೇಕಾಗಿತ್ತು. ನನಗೆ ತಲೆಯೊಳಗೆ ತಿರುಗುತ್ತಿದ್ದದ್ದು ಒಂದೇ: ಅವಳು ಮೊದಲು ಅವನಿಗೆ ಹೇಳಿದಳು.

ಮನೆಗೆ ಬಂದವನೇ ಕೇಳಿದೆ: “ಗೊತ್ತಾದದ್ದನ್ನು ನನಗೆ ಯಾಕೆ ಹೇಳ್ಲಿಲ್ಲ?”

ಅವಳು ಟ್ರೇಗೆ ಎಣ್ಣೆ ಸವರುತ್ತಿದ್ದಳು. “ನೀವು ನನಗೆ ಹೇಳಿದ್ರಾ?”

ನಾನು ಎಣ್ಣೆಯ ಪಾತ್ರೆಯನ್ನು ಅವಳ ಹತ್ತಿರ ಸರಿಸಿದೆ.

“ನಿಮ್ಮ ಬಾಯಿಂದ ಕೇಳ್ಬೇಕು ಅಂತ ದಿನಾ ಕಾದೆ. ಸಂತೋಷ ತಡೆಯಲಿಕ್ಕಾಗಲಿಲ್ಲ. ಯಾರಿಗೆ ಹೇಳುವುದು? ಭಾವನಿಗೆ ಹೇಳಿದೆ.”

ಜೂನಿನಲ್ಲಿ ನಾನೇ ಅವಳನ್ನು ಕರೆದುಕೊಂಡು ಹೋಗಿ ಸೇರಿಸಿದೆ. ಮೋನಪ್ಪ ಕುರ್ಚಿಯಲ್ಲಿ ಕುಳಿತ. ಕಾರ್ಕಳದಲ್ಲಿ ಇವತ್ತಿಗೂ ಹೇಳುವುದು, ಜನಾರ್ದನ ಹೇಳಿದ ಕಾರಣ ವಸಂತಿ ಓದಿದಳು ಎಂದೇ. ನಾನು ತಿದ್ದಲು ಹೋಗಿಲ್ಲ.

ಜನಾರ್ದನಣ್ಣನನ್ನು ಉಡುಪಿಯ ಆ ಬಸ್ಸಿನ ಬಾಗಿಲಲ್ಲಿ ಕಂಡದ್ದೇ ಕೊನೆ. ಅವಳು ಕೊನೆಯ ವರ್ಷದ ಪರೀಕ್ಷೆಗೆ ಓದುತ್ತಿದ್ದಾಗ ಬರೋಡದಿಂದ ಟೆಲಿಗ್ರಾಂ ಬಂತು. ಕೆಲಸದ ಮೇಜಿನ ಎದುರೇ ಎದೆ ಹಿಡಿದು ಕುಳಿತವನು ಏಳಲಿಲ್ಲವಂತೆ. ಸಾಯುವ ವಯಸ್ಸಲ್ಲ. ನನಗಿಂತ ಕಿರಿಯವ.

ವಸಂತಿ ಅಡುಗೆಮನೆಯ ನೆಲದಲ್ಲಿ ಕುಳಿತು ಅತ್ತಳು. ಅಂಥ ಅಳುವನ್ನು ನಾನು ಅವಳಲ್ಲಿ ಮೊದಲು ಕಂಡಿಲ್ಲ, ಆಮೇಲೂ ಕಂಡಿಲ್ಲ. ಅವಳ ತಂದೆ ಹೋದಾಗಲೂ ಹಾಗೆ ಅತ್ತಿರಲಿಲ್ಲ. ನಾನು ಹತ್ತಿರ ಕುಳಿತು ಬೆನ್ನು ಸವರಿದೆ. ನನಗೂ ಕಣ್ಣು ತುಂಬಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಸವರುವ ಕೈಯ ಹಿಂದೆ ಇನ್ನೊಂದು ಯೋಚನೆ ನಡೆದೇ ಇತ್ತು. ನಾನು ಹೋದ ದಿನ ಇವಳು ಹೀಗೆ ಅಳುತ್ತಾಳೋ? ಅದನ್ನು ನೋಡಲು ನಾನು ಇರುವುದಿಲ್ಲ. ಇವತ್ತಿನ ಈ ಅಳುವನ್ನು ನೋಡಲು ಅವನಿಗೂ ಆಗಲಿಲ್ಲ. ಜನಾರ್ದನಣ್ಣನ ವಿಷಯದಲ್ಲಿ ನನಗೆ ಸಿಕ್ಕಿದ ಸಮಾಧಾನ ಇದೊಂದೇ.